ತುರುಬು ಕಟ್ಟುವ ಕಾರ್ಮಿನಾ

ಬೆಳಗಾವಿಯ ಅನಗೋಳದಲ್ಲಿ ಬಾಡಿಗೆಯ ಕೋಣೆ ಕೇಳಲು ಹೋದ ದಿನ ಕಾರ್ಮಿನಾ ಓಣಿಯ ಮೂಲೆಯಲ್ಲಿದ್ದ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ನಿಂತಿದ್ದಳು. ಮನೆಯೊಡತಿಯ ಹತ್ತಿರ ಮಾತಾಡಲು ಹೋದವಳು ಜೊತೆಯಲ್ಲಿ ಕೆಲಸ ಮಾಡುವ ದಾನೇಶ್ವರಿ. ಹಾಗೆ ಮಾಡೋಣವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅದಕ್ಕೂ ಮುಂಚೆ ಹಿಂದವಾಡಿಯಲ್ಲಿ, ಖಾಸಬಾಗದಲ್ಲಿ ಕೆಲವು ಮನೆಗಳಿಗೆ ಜೊತೆಯಾಗಿಯೇ ಹೋಗಿದ್ದರು. ಫೋನಿನಲ್ಲಿ ಕೇಳಿದಾಗ ಖಾಲಿಯಿದ್ದ ಕೋಣೆ, ಇವರು ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಅನಗೋಳದ ಓಣಿಗೆ ಬಂದಾಗ ಕಾರ್ಮಿನಾ ತಾನಾಗಿಯೇ ಹೆಜ್ಜೆ ನಿಧಾನ ಮಾಡಿ, "ನೀ ಮುಂದ ಹೋಗು. ನಾ ಇಲ್ಲೇ ನಿಂತಿರ್ತೀನಿ," ಎಂದಳು. ದಾನೇಶ್ವರಿ ಅವಳ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಹೋದಳು. ಸ್ವಲ್ಪ ಹೊತ್ತಿಗೆ ಕೀಲಿಕೈ ಹಿಡಿದುಕೊಂಡು ನಗುತ್ತ ಬಂದಳು.

ಕಾರ್ಮಿನಾ ಸಿದ್ದಿ ಖಾನಾಪುರ ತಾಲೂಕಿನವಳು. ಕಾಡಿನ ಅಂಚಿಗೆ ಸಿದ್ದಿಗಳದೇ ಒಂದು ವಾಡೆ. ಹತ್ತಿಪ್ಪತ್ತು ಮನೆ, ಒಂದು ಶಿಲುಬೆಯ ಕಟ್ಟೆ, ಗೇರುಮರಗಳು. ಅಲ್ಲಿ ಹುಟ್ಟಿದವಳು. ಎಷ್ಟೋ ತಲೆಮಾರಿನ ಹಿಂದೆ ತಮ್ಮ ಹಿರಿಯರನ್ನು ಆಫ್ರಿಕದಿಂದ ಹಡಗಿನಲ್ಲಿ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು ಈ ಕಾಡು ಸೇರಿದರು ಎಂಬುದು ಅವಳಿಗೆ ಗೊತ್ತಾದದ್ದು ಹೈಸ್ಕೂಲಿನಲ್ಲಿ, ಮಾಸ್ತರರು ವರ್ಗದ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ ಹೇಳಿದಾಗ. ಮನೆಯಲ್ಲಿ ಯಾರೂ ಆ ಮಾತು ಎತ್ತಿದವರಲ್ಲ. ಮನೆಯಲ್ಲಿ ಆಡುವುದು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಸಂತೆಗೆ ಬೇಕಾದದ್ದು ಮರಾಠಿ. ಮೂರನ್ನೂ ಅವಳು ನೀರು ಕುಡಿದಂತೆ ಮಾತಾಡುತ್ತಿದ್ದಳು. ಆದರೆ ವಾಡೆಯ ಹೊರಗೆ ಮೊದಲ ಬಾರಿ ಅವಳನ್ನು ನೋಡಿದವರು ಯಾರೂ ಈ ಮೂರರಲ್ಲಿ ಒಂದರಲ್ಲಿ ಮಾತು ಶುರುಮಾಡುತ್ತಿರಲಿಲ್ಲ. ಹಿಂದಿಯಲ್ಲಿ ಕೇಳುತ್ತಿದ್ದರು, ಇಲ್ಲವೇ ಬಾರದ ಇಂಗ್ಲಿಷಿನಲ್ಲಿ.

ಕೂದಲಿನ ಕೆಲಸ ಅವಳ ಬೆರಳಿಗೆ ಚಿಕ್ಕಂದಿನಲ್ಲೇ ಹತ್ತಿತ್ತು. ವಾಡೆಯ ಹುಡುಗಿಯರ ಗುಂಗುರು ಕೂದಲನ್ನು ಬಿಡಿಸಿ, ಎಳೆ ತೆಗೆದು, ತಲೆಗಂಟಿ ಕೂರುವಂತೆ ಹೆಣೆಯುವುದಕ್ಕೆ ತಾಳ್ಮೆ ಬೇಕು. ಅದು ಬಂದವಳಿಗೆ ಹಾಸ್ಟೆಲಿನ ಗೆಳತಿಯರ ಉದ್ದ ಕೂದಲು ಆಟದಂತಾಯಿತು. ಪಿಯುಸಿ ಮುಗಿದ ಮೇಲೆ ಬ್ಯೂಟಿ ಪಾರ್ಲರ್ ತರಬೇತಿ ಪಡೆದು, ಯಾರದೋ ಪರಿಚಯದಿಂದ ಹಿಂದವಾಡಿಯ ಸುಲಭಾ ಮ್ಯಾಡಮ್ಮರ ಪಾರ್ಲರಿಗೆ ಸೇರಿದಳು. ಅದೇ ತಿಂಗಳು ಬೈಲಹೊಂಗಲದ ಕಡೆಯಿಂದ ದಾನೇಶ್ವರಿಯೂ ಬಂದು ಸೇರಿದಳು. ಇಬ್ಬರದೂ ಒಂದೇ ವಯಸ್ಸು, ಒಂದೇ ಸಂಬಳ, ಒಂದೇ ಬಣ್ಣದ ಏಪ್ರನ್.

ಸುಲಭಾ ಮ್ಯಾಡಮ್ ಕೆಟ್ಟವರಲ್ಲ. ಐವತ್ತು ದಾಟಿದ ಹೆಂಗಸು, ಗಂಡನನ್ನು ನೆಚ್ಚದೆ ತಾವೇ ಅಂಗಡಿ ಕಟ್ಟಿ ನಿಲ್ಲಿಸಿದವರು. ಒಂದೇ ಉಸಿರಿನಲ್ಲಿ ಮರಾಠಿ, ಕನ್ನಡ ಎರಡೂ ಆಡುವವರು. ಮೊದಲ ವಾರ ಕಾರ್ಮಿನಾಳನ್ನು ಮುಂದಿನ ಕುರ್ಚಿಗೇ ಹಾಕಿದ್ದರು. ಹುಬ್ಬಿನ ಕೂದಲು ತೆಗೆಯುವಾಗ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಒಬ್ಬ ಗಿರಾಕಿ ಕಣ್ಣು ಮುಚ್ಚಿ ಒರಗಿದ್ದವಳು, ಕಣ್ಣು ತೆರೆದು ಅವಳ ಮುಖ ಕಂಡು, ಎದ್ದು ಕುಳಿತಳು. "ಆ ಇನ್ನೊಬ್ಬ ಹುಡುಗಿ ಖಾಲಿ ಆಗ್ಲಿ, ಕೂತಿರ್ತೀನಿ," ಎಂದಳು. ದಾನೇಶ್ವರಿ ಬಂದು ಅದೇ ರೀಲಿನ ದಾರ ಹಲ್ಲಿನಲ್ಲಿ ಕಚ್ಚಿ ಹುಬ್ಬು ತೀಡಿದಳು. ಹೀಗೇ ಮತ್ತೆ ಮತ್ತೆ ಆದಾಗ ಮ್ಯಾಡಮ್ ಕಾರ್ಮಿನಾಳನ್ನು ಒಳಗೆ ಕರೆದು, "ನಿನಗ ಕೂದ್ಲಿನ ಕೈ ಚಲೋ ಐತಿ. ಹಿಂದಿನ ಖೋಲ್ಯಾಗ ತಲಿ ತೊಳೇದು, ಕಟಿಂಗು, ಸ್ಟೈಲು ಎಲ್ಲಾ ನೀನ ನೋಡ್ಕೋ," ಎಂದರು. ಬಡ್ತಿ ಕೊಟ್ಟಂತೆಯೇ ಹೇಳಿದರು. ಹಿಂದಿನ ಕೋಣೆಯಲ್ಲಿ ಗಿರಾಕಿ ಅವಳಿಗೆ ಬೆನ್ನು ಮಾಡಿ ಕೂರುತ್ತಿದ್ದಳು.

ಅಲ್ಲಿ ಇಡೀ ದಿನ ನಡೆಯುತ್ತಿದ್ದ ವ್ಯಾಪಾರವೇ ಬಣ್ಣದ್ದು. ಬ್ಲೀಚ್, ಫೇಶಿಯಲ್, ಮುಖ ಬೆಳ್ಳಗಾಗುವ ಕ್ರೀಮು. "ಒಂದ್ ಶೇಡ್ ಕಮ್ಮಿ ಆಗ್ತದೇನ್ರಿ?" ಎಂದು ಕೇಳುವ ತಾಯಂದಿರ ದನಿ ಪರದೆಯಾಚೆಯಿಂದ ಬರುತ್ತಿತ್ತು. ಕಾರ್ಮಿನಾ ಯಾರದೋ ತಲೆಗೆ ನೀರು ಹನಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಅನಗೋಳದ ಮನೆಯೊಡತಿ ಬಸವಣ್ಣೆವ್ವ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಒಂದು ಕಸಬರಿಗೆ. ಕಾರ್ಮಿನಾ ಚೀಲ ಹೊತ್ತು ಅಂಗಳಕ್ಕೆ ಬಂದಾಗ ಆಯಿ ಕಸಬರಿಗೆ ನಿಲ್ಲಿಸಿ ದಾನೇಶ್ವರಿಯನ್ನು ಕೇಳಿದ್ದಳು: "ಯಾವ ದೇಶದಾಕಿವಾ ಈಕಿ?"

"ಖಾನಾಪುರದಾಕಿ ರೀ, ಆಯಿ. ನಮ್ಮಾಕಿನ."

"ಖಾನಾಪುರದಾಗ ಇಂಥಾವ್ರು ಅದಾರೇನ?" ಎಂದು ಆಯಿ ಬಹಳ ಹೊತ್ತು ನೋಡಿದಳು. ಮುಂಗಡ ಅದಾಗಲೇ ಆಕೆಯ ಸೊಂಟದ ಚೀಲ ಸೇರಿತ್ತು. ಕಡೆಗೆ, "ಆತು. ಆದ್ರ ಮನಿಯವ್ರ ಯಾರರೆ ಬಂದು ಮಾರಿ ತೋರಿಸ್ಲಿ," ಎಂದಳು. ದಾನೇಶ್ವರಿಯ ಮನೆಯವರನ್ನು ಕೇಳಿರಲಿಲ್ಲ. ಮುಂದಿನ ಭಾನುವಾರ ಕಾರ್ಮಿನಾಳ ತಾಯಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದು, ಅಂಗಳದಲ್ಲಿ ಮುಖ ತೋರಿಸಿ ಹೋದಳು.

ಆ ಕೋಣೆಯಲ್ಲಿ ಇಬ್ಬರೂ ಸುಖವಾಗಿಯೇ ಇದ್ದರು ಎನ್ನಬೇಕು. ದಾನೇಶ್ವರಿ ರೊಟ್ಟಿ ಬಡಿಯುವಳು, ಕಾರ್ಮಿನಾ ಪಲ್ಯ ಮಾಡುವಳು. ರಾತ್ರಿ ಒಬ್ಬಳ ತಲೆ ಇನ್ನೊಬ್ಬಳು ಬಾಚುವರು. ಆದರೂ ನಲ್ಲಿ ಮುಚ್ಚದೆ ಬಿಟ್ಟಿದ್ದರೆ ಆಯಿ ಕೂಗುತ್ತಿದ್ದ ಹೆಸರು ಕಾರ್ಮಿನಾಳದು. ದಾನೇಶ್ವರಿ ತಡವಾಗಿ ಬಂದರೆ "ಎಲ್ಲಿ ಹೋಗಿದ್ದಿ ನನ ಮಗಳ" ಎಂಬ ಮಾತು. ಕಾರ್ಮಿನಾ ತಡವಾಗಿ ಬಂದ ಒಂದು ಸಂಜೆ ಗೇಟಿಗೆ ಕೀಲಿ ಬಿದ್ದಿತ್ತು. ದಾನೇಶ್ವರಿ ಇದನ್ನು ಗಮನಿಸಿರಲಿಲ್ಲ. ಗಮನಿಸಬೇಕಾದ ಗರಜು ಅವಳಿಗೆ ಇರಲಿಲ್ಲ.

ಒಂದು ಭಾನುವಾರ ಖಾಸಬಾಗದ ಸಂತೆಯಲ್ಲಿ ಇಬ್ಬರೂ ಕ್ಲಿಪ್ಪು, ರಿಬ್ಬನ್ನು ನೋಡುತ್ತಿದ್ದರು. ಮಾರುವವನು ದಾನೇಶ್ವರಿಗೆ, "ನೋಡ್ರಿ ಅಕ್ಕಾರ, ಹಚ್ಚಿ ನೋಡ್ರಿ," ಎಂದು ಕನ್ನಡಿ ಕೊಟ್ಟ. ಕಾರ್ಮಿನಾ ಒಂದು ಕ್ಲಿಪ್ಪು ಎತ್ತಿದಾಗ ಅವನ ಕಣ್ಣು ಅವಳ ಚೀಲದ ಮೇಲೆಯೇ ನೆಟ್ಟಿತು. "ಹಲೋ ಮೇಡಮ್, ಫಿಕ್ಸ್ ರೇಟ್," ಎಂದ. ಅವಳು ಕನ್ನಡದಲ್ಲಿ ದರ ಕೇಳಿದಳು. ಅವನು ಬಾಯಿ ತೆರೆದು, "ಕನ್ನಡ ಭಾಳ ಚಂದ ಮಾತಾಡ್ತೀರಲ್ರಿ. ಎಷ್ಟ್ ವರ್ಷ ಆತ್ರಿ ನಮ್ಮ ದೇಶಕ್ಕ ಬಂದು?" ಎಂದ.

ದಾನೇಶ್ವರಿ ದಾರಿಯುದ್ದಕ್ಕೂ ನಕ್ಕಳು. ಮೊದಮೊದಲು ಕಾರ್ಮಿನಾಳೂ ನಕ್ಕಳು. ಮನೆಗೆ ಬಂದು ದಾನೇಶ್ವರಿ ಅದನ್ನು ಆಯಿಯ ಮುಂದೆ ಮತ್ತೊಮ್ಮೆ ಅಭಿನಯಿಸಿ ತೋರಿಸಿದಾಗ ಅವಳಿಗೆ ನಗು ಬರಲಿಲ್ಲ.

"ಇಷ್ಟಕ್ಕೆಲ್ಲಾ ಮನಸಿಗೆ ಹಚ್ಕೋಬ್ಯಾಡ ಬಿಡು," ಎಂದು ದಾನೇಶ್ವರಿ ಅಂದಳು. "ನನ್ನ ನೋಡಾಕ ಬಂದವ್ರು ಹುಡುಗಿ ಕಪ್ಪ ಅಂತ ಎದ್ದು ಹೋಗ್ಲಿಲ್ಲೇನು? ನನಗೂ ಆಗೈತಿ. ಖಾನಾಪುರಕ್ಕ ಹೋದ್ರ ಅಂಗಡ್ಯಾಗ ಮರಾಠಿನ ಮಾತಾಡ್ತಾರ. ನನಗೂ ಪರದೇಶಿ ಆದಂಗ ಆಕ್ಕೈತಿ."

"ಆವಾಗ ಏನ್ ಮಾಡ್ತಿ?"

"ನಾನೂ ಎರಡ ಮಾತು ಮರಾಠಿ ಆಡ್ತೀನಿ. ನಗ್ತಾರ. ಮುಗೀತು."

"ಮಾತು ಬದ್ಲಿ ಮಾಡಾಕ ಬರ್ತೈತಿ, ದಾನಿ," ಎಂದು ಕಾರ್ಮಿನಾ ಶುರುಮಾಡಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಮಾತು ಅಲ್ಲಿಗೇ ನಿಂತಿತು.

ಆ ಬೇಸಿಗೆಯಲ್ಲಿ ಖಾನಾಪುರದ ಒಂದು ಮದುವೆಯ ಕೆಲಸ ಬಂತು. ಮದುಮಗಳು ಸಾನಿಕಾ. ಮದುವೆಗೆ ಎರಡು ದಿನ ಇರುವಾಗ ಸುಲಭಾ ಮ್ಯಾಡಮ್ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. "ಮೇಕಪ್ ದಾನೇಶ್ವರಿ ಮಾಡ್ಲಿ, ತಲಿ ನೀ ಮಾಡು," ಎಂದು ಇಬ್ಬರನ್ನೂ ಕಳಿಸಿದರು. ಕಾರ್ಮಿನಾಳಿಗೆ ಅದು ಮೊದಲ ಮದುವೆ. ಹೊಸ ಪಿನ್ನು, ಅಬ್ಬಲಿಗೆ, ಮೊಗ್ಗಿನ ಜಡೆಯ ಸಾಮಾನು ಎಲ್ಲ ಜೋಡಿಸಿಕೊಂಡಳು. ಬೆಳಿಗ್ಗೆಯ ಬಸ್ಸಿನಲ್ಲಿ ಕಿಟಕಿಗೆ ಕುಳಿತು, ಕಟ್ಟಬೇಕಾದ ತುರುಬನ್ನು ಗಾಳಿಯಲ್ಲೇ ಬೆರಳಾಡಿಸಿ ನೋಡಿಕೊಂಡಳು.

ಕಲ್ಯಾಣ ಮಂಟಪದ ಮದುಮಗಳ ಕೋಣೆಯ ಬಾಗಿಲಲ್ಲೇ ಸಾನಿಕಾಳ ಮಾವಶಿ, ತಾಯಿಯ ತಂಗಿ, ನಿಂತಿದ್ದಳು. ದಾನೇಶ್ವರಿಯನ್ನು "ಬಾರವಾ, ಬಾ" ಎಂದವಳು ಅವಳ ಹಿಂದೆ ನೋಡಿ ಸುಮ್ಮನಾದಳು.

"ಯಾರು ಈಕಿ?"

"ನಮ್ಮ ಪಾರ್ಲರಿನಾಕಿ ರೀ. ಕೂದ್ಲಿನ ಕೆಲಸ ಈಕೀದ."

ಮಾವಶಿ ದಾನೇಶ್ವರಿಯ ಮೊಣಕೈ ಹಿಡಿದು ಒಂದು ಬದಿಗೆ ಕರೆದೊಯ್ದಳು. ದನಿ ತಗ್ಗಿಸಿಯೇ ಹೇಳಿದಳು, ಆದರೆ ಕಾರ್ಮಿನಾಳಿಗೆ ಕೇಳಿಸಿತು. "ಎಲ್ಲಾ ನೀನ ಮಾಡಿಬಿಡವಾ. ಇವತ್ತ ಶುಭದ ದಿವಸ. ಬೀಗರ ಕಡಿಯವ್ರೂ ಒಳಗ ಹೊರಗ ಓಡಾಡಾಕತ್ತಾರ. ಆಕಿ ಹೊರಗ ಕುಂದರ್ಲಿ, ನಾಷ್ಟಾ ಮಾಡ್ಲಿ. ನಾವೇನು ಕೆಟ್ಟ ಮಾತಾಡಾಕತ್ತಿಲ್ಲ."

ದಾನೇಶ್ವರಿ ಒಮ್ಮೆ ತಿರುಗಿ ನೋಡಿದಳು. ಕಾರ್ಮಿನಾ ಕಾಯುತ್ತಿದ್ದಳು, ಏನನ್ನೆಂದು ಅವಳಿಗೂ ತಿಳಿಯದು. ದಾನೇಶ್ವರಿ ಅವಳ ಕೈಯಿಂದ ಕೂದಲಿನ ಸಾಮಾನಿನ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಅವಳು ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಕುಳಿತು ಸ್ವಲ್ಪ ಹೊತ್ತಾಗಿರಲಿಲ್ಲ, ಮಂಟಪದ ಆಳೊಬ್ಬ ಬಂದು, "ಜರಾ ಏಳು, ಬೀಗರಿಗೆ ಕುರ್ಚಿ ಕಮ್ಮಿ ಬಿದ್ದಾವ," ಎಂದು ಅದನ್ನು ಎತ್ತಿಕೊಂಡು ಹೋದ. ಪಕ್ಕದ ಕುರ್ಚಿಯಲ್ಲಿ ಯಾರದೋ ಬ್ಯಾಗು ಇತ್ತು, ಅದನ್ನು ಅವನು ಮುಟ್ಟಲಿಲ್ಲ. ಅವಳು ಅಡಿಗೆಮನೆಯ ಕಡೆಯ ಜಗಲಿಗೆ ಸರಿದು ನಿಂತಳು. ಅಲ್ಲಿ ಅಡಿಗೆಯವರ ಹೆಂಗಸೊಬ್ಬಳು, ಇವಳು ಯಾರು ಏನು ಎಂದು ಕೇಳುವ ಗೋಜಿಗೆ ಹೋಗದೆ, ಕೊತ್ತಂಬರಿಯ ಬುಟ್ಟಿ ಮುಂದೆ ತಂದಿಟ್ಟು, "ಇಷ್ಟು ಸೋಸಿಬಿಡು," ಎಂದಳು. ಸುಮ್ಮನೆ ನಿಲ್ಲುವುದಕ್ಕಿಂತ ಅದೇ ಹಗುರವೆನಿಸಿ ಕಾರ್ಮಿನಾ ಕುಳಿತು ಕೊತ್ತಂಬರಿ ಸೋಸತೊಡಗಿದಳು.

ನಡುವೆ ದಾನೇಶ್ವರಿ ಓಡುತ್ತ ಬಂದಳು. ಹಣೆಯಲ್ಲಿ ಬೆವರು. "ಕಾರ್ಮಿ, ತುರುಬು ನಿಲ್ಲವಲ್ದು. ಕೂದ್ಲು ಭಾಳ ನುಣ್ಣಗದಾವ, ಜಾರಾಕತ್ತಾವ."

ಕಾರ್ಮಿನಾ ವೇಲಿಗೆ ಕೈ ಒರೆಸಿಕೊಂಡಳು. "ಮೊದಲ ಬುಡದಾಗ ಸಣ್ಣದೊಂದು ಜಡಿ ಹೆಣಿ. ಅದರ ಮ್ಯಾಲೆ ತುರುಬು ಕೂಡಿಸು. ಪಿನ್ನು ನೆಟ್ಟಗ ಚುಚ್ಚಬ್ಯಾಡ, ಜಡಿಗೆ ಸಿಗ್ಸು," ಎಂದು ಅದರ ತುದಿಯನ್ನು ಸುತ್ತಿ ತೋರಿಸಿದಳು. ದಾನೇಶ್ವರಿ ಓಡಿದಳು. ಮತ್ತೆ ಬಂದು ಹೂವಿನದನ್ನು ಕೇಳಿದಳು. ಕಾರ್ಮಿನಾ ಅದನ್ನೂ ಹೇಳಿದಳು.

ಸಾನಿಕಾ ಹೊರಗೆ ಬಂದಾಗ ಹೆಂಗಸರೆಲ್ಲ ಸುತ್ತ ನೆರೆದು ತುರುಬನ್ನು ಹೊಗಳಿದರು. ಮುಖಕ್ಕೆ ಬಳಿದ ಬಿಳುಪು ಕುತ್ತಿಗೆಯ ಹತ್ತಿರ ನಿಂತುಹೋಗಿತ್ತು. ಅದರ ಕೆಳಗೆ ಹುಡುಗಿಯ ಸ್ವಂತ ಬಣ್ಣ ಗೆರೆ ಎಳೆದಂತೆ ಕಾಣುತ್ತಿತ್ತು. ಅವಳೂ ಸೋತ ಮುಖದ, ಸಣ್ಣ ಹುಡುಗಿ. ಕಾರ್ಮಿನಾಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಮಾವಶಿ ದಾನೇಶ್ವರಿಗೆ ಉಡಿ ತುಂಬಿದಳು. ಕುಬಸದ ಅರಿವೆ, ತೆಂಗಿನಕಾಯಿ.

ಬಸ್ ಸ್ಟ್ಯಾಂಡಿನಲ್ಲಿ ದಾನೇಶ್ವರಿ ಆ ಅರಿವೆಯನ್ನು ಇವಳ ಕೈಗೆ ಹಿಡಿಸಲು ನೋಡಿದಳು. ಕಾರ್ಮಿನಾ ತೆಗೆದುಕೊಳ್ಳಲಿಲ್ಲ.

"ನಾ ಏನ್ ಮಾಡ್ಬೇಕಿತ್ತು ಹೇಳು," ಎಂದಳು ದಾನೇಶ್ವರಿ. "ಜಗಳಾ ತಗದಿದ್ರ ಇಬ್ಬರನ್ನೂ ಹೊರಗ ಹಾಕ್ತಿದ್ರು."

"ಹೂಂ," ಎಂದಳು ಕಾರ್ಮಿನಾ. "ಇಬ್ಬರನ್ನೂ ಹಾಕ್ತಿದ್ರು."

ಆಪಾದಿಸುವ ದನಿಯಲ್ಲ ಅದು. ಆದರೂ ದಾನೇಶ್ವರಿ ತಲೆ ತಗ್ಗಿಸಿದಳು. ಬೆಳಗಾವಿಯ ಬಸ್ಸು ಬಂತು. ಕಾರ್ಮಿನಾ ಅದನ್ನು ಹತ್ತಲಿಲ್ಲ. ವಾಡೆಯ ಕಡೆ ಹೋಗುವ ಬಸ್ಸಿಗೆ ಕಾದು, ಅದನ್ನು ಹತ್ತಿದಳು.

ವಾಡೆಯಲ್ಲಿ ಅವಳ ಮುಖವನ್ನು ಯಾರೂ ಎರಡು ಸಲ ನೋಡಲಿಲ್ಲ. ಇಡೀ ಬೆಳಗಾವಿಯಲ್ಲಿ ಸಿಗದ ಆ ಒಂದು ಸುಖದಲ್ಲಿ ಅವಳು ಮೊದಲ ದಿನ ಬಹಳ ಹೊತ್ತು ನಿದ್ದೆ ಮಾಡಿದಳು. ಎರಡನೆಯ ದಿನಕ್ಕೆ ಅದು ಸಾಕಾಗತೊಡಗಿತು. ಓರಗೆಯವರೆಲ್ಲ ಮದುವೆಯಾಗಿ ಹೋಗಿದ್ದರು. ಚಿಕ್ಕಪ್ಪನ ಮಗಳು ಬಂದು, ಮುಖಕ್ಕೆ ಹಚ್ಚುವ ಕ್ರೀಮು ತಂದಿದ್ದೀಯೇನು, ಈ ಗುಂಗುರು ನೆಟ್ಟಗೆ ಮಾಡಿಕೊಡುವೆಯೇನು ಎಂದು ಕೇಳಿದಳು. ಕಾರ್ಮಿನಾ, "ನಿನ್ನ ಕೂದಲು ಚಂದ ಇದೆ," ಎಂದರೆ ಅವಳಿಗೆ ನಂಬಿಕೆಯಿಲ್ಲ. ಬೆಳಗಾವಿಯವಳು ಹೇಳಬಹುದು, ಅವಳಿಗೇನು, ಎಂಬಂತೆ ನೋಡಿ ಹೋದಳು. ಅಲ್ಲಿ ಖಾನಾಪುರದವಳಲ್ಲ, ಇಲ್ಲಿ ಬೆಳಗಾವಿಯವಳು.

ಹಳೆಯ ಸೀರೆಗಳ ಚೂರು ಹಚ್ಚಿ ಕೌದಿ ಹೊಲಿಯುತ್ತ ಕುಳಿತ ತಾಯಿಗೆ ಅವಳು ಮಂಟಪದ ಕಥೆ ಹೇಳಿದಳು. ತಾಯಿ ಸೂಜಿ ನಿಲ್ಲಿಸದೆ ಕೇಳಿದಳು. "ಕೊತ್ತಂಬರಿ ಸೋಸಿದರೇನಾಯಿತು? ಅದೂ ಕೆಲಸವೇ ಅಲ್ಲವೇ? ನಮ್ಮ ಕಾಲದಲ್ಲಿ ನಮ್ಮನ್ನು ಅಡಿಗೆಮನೆಯ ಹತ್ತಿರವೂ ಬಿಡುತ್ತಿರಲಿಲ್ಲ," ಎಂದು ಕೊಂಕಣಿಯಲ್ಲಿ ಅಂದಳು. ಸಮಾಧಾನವೆಂದೇ ಹೇಳಿದ್ದಳು. ಕಾರ್ಮಿನಾ ಎದ್ದು ಗೇರುಮರಗಳ ಕಡೆ ಹೋಗಿ ಕತ್ತಲಾಗುವವರೆಗೆ ಕುಳಿತಿದ್ದಳು. ಹೇಳಿಕೊಳ್ಳಲು ಇದ್ದದ್ದು ಒಬ್ಬಳೇ ಗೆಳತಿ. ದೂರು ಹೇಳಬೇಕಾದದ್ದೂ ಅವಳ ಮೇಲೆಯೇ.

ವಾರ ಕಳೆದ ಮೇಲೆ ದಾನೇಶ್ವರಿಯೇ ಬಂದಳು. ಬಸ್ಸಿಳಿದು ಕೇಳುತ್ತ ಕೇಳುತ್ತ ವಾಡೆ ತಲುಪುವಷ್ಟರಲ್ಲಿ ಅವಳ ಹಿಂದೆ ಹುಡುಗರ ಸಣ್ಣ ಮೆರವಣಿಗೆಯೇ ಇತ್ತು. ಒಬ್ಬಳು ಪುಟ್ಟ ಹುಡುಗಿ ಅವಳ ಜಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕಾರ್ಮಿನಾಳ ತಾಯಿ ಪಕ್ಕದ ಮನೆಯಿಂದ ಕುರ್ಚಿ ತರಿಸಿ, ಸೆರಗಿನಿಂದ ಒರೆಸಿ ಕೂರಿಸಿದಳು. ಒಡೆಯದ ಕಪ್ಪು ಹುಡುಕಿ ಚಹಾ ಕೊಟ್ಟಳು. ಒಬ್ಬರು ಹಲಸಿನ ತೊಳೆ ತಂದಿಟ್ಟರು. ಇನ್ನೊಬ್ಬರು ಜೇನು ತಂದರು.

ಎಲ್ಲ ಹೋದ ಮೇಲೆ ದಾನೇಶ್ವರಿ ಅಂದಳು: "ಬಸ್ಸಿನಿಂದ ಇಳದಾಗಿಂದ ಎಲ್ಲಾರೂ ನನ್ನ ನೋಡಾಕತ್ತಾರ. ಯಾವೂರು, ಯಾರು, ಯಾಕ ಬಂದಿ. ಮೈ ಮುದುಡಿದಂಗಾತು. ನಿನಗ ಹೆಂಗ ಆಕ್ಕಿತ್ತು ಅನ್ನೂದು ಈಗ ತಿಳೀತು ನೋಡು."

ಕಾರ್ಮಿನಾ ಅಂಗಳದ ಕಲ್ಲಿನ ಮೇಲೆ ಕುಳಿತಿದ್ದಳು. ಇಷ್ಟು ದೂರ ಬಂದವಳ ಮನಸ್ಸು ನೋಯಿಸಬಾರದು ಎಂದುಕೊಂಡಳು. ಆಮೇಲೆ, ಇದನ್ನೂ ನುಂಗಿದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು.

"ತಿಳಿಲಿಲ್ಲ ದಾನಿ," ಎಂದಳು ಮೆಲ್ಲಗೆ. "ನಿನ್ನ ನೋಡಿದ್ರು, ಖರೇ. ನೋಡಿ ಕುರ್ಚಿ ತಂದ್ರು. ನನ್ನ ನೋಡಿ, ಕುಂತ ಕುರ್ಚಿ ಎಬ್ಬಿಸಿ ಒಯ್ದ್ರು. ನಮ್ಮವ್ವ ನಿನ್ನ ಏನೂ ಕೇಳ್ಲಿಲ್ಲ, ಒಡೀಲಾರದ ಕಪ್ಪು ಹುಡುಕಿದ್ಲು. ನಿನ್ನ ಮನಿಯವ್ರನ್ನ ಕರ್ಕೊಂಡು ಬಾ, ಮಾರಿ ನೋಡ್ಬೇಕು ಅನ್ಲಿಲ್ಲ."

ದಾನೇಶ್ವರಿ ಕಪ್ಪನ್ನು ನೋಡಿದಳು.

"ನೀ ಏನೂ ತಪ್ಪು ಮಾಡಿಲ್ಲ. ಅನಗೋಳದ ಖೋಲಿ ಕೇಳಾಕ ಹೋದಾಗ ನಿನ್ನ ಮಾರಿ ನೋಡಿ ಕೀಲಿ ಕೊಟ್ರು. ನೀ ಬೇಡಿ ತಗೊಂಡಿದ್ದಲ್ಲ ಅದು, ತಾನ ಬಂತು. ಬಂದಿದ್ದು ನಿನಗ ಗೊತ್ತೂ ಆಗ್ಲಿಲ್ಲ. ನನಗ ಬರ್ಲಿಲ್ಲಲ್ಲ, ಅದಕ್ಕ ಗೊತ್ತಾತು. ನಿನ್ನ ಕಪ್ಪ ಅಂದು ಎದ್ದು ಹೋದವ್ರು ಹೋದ್ರು. ಆದ್ರ ನೀ ಈ ಊರಾಕಿನ ಅಲ್ಲ ಅಂತ ಯಾರೂ ಅನ್ಲಿಲ್ಲ."

ಅಂಗಳದಲ್ಲಿ ಒಂದು ಕೋಳಿ ತನ್ನ ಮರಿಗಳೊಡನೆ ಕೆದರುತ್ತಿತ್ತು. ಕಡೆಗೆ ದಾನೇಶ್ವರಿ ತಾನು ಬಂದ ಕಾರಣ ಹೇಳಿದಳು, ಮುಖ ಎತ್ತದೆ. ಸಾನಿಕಾಳ ಫೋಟೊ ನೋಡಿ ಬಹಳ ಜನ ಅದೇ ತುರುಬು ಬೇಕೆಂದು ಮ್ಯಾಡಮ್ಮರಿಗೆ ಫೋನು ಮಾಡಿದ್ದರು. ಮ್ಯಾಡಮ್ ದಾನೇಶ್ವರಿಯನ್ನು ಎಲ್ಲರೆದುರು ಹೊಗಳಿದ್ದರು. "ನಾ ಮಾಡಿದ್ದಲ್ಲ ಅಂತ ಹೇಳಾಕ ಬಾಯಿ ಬರ್ಲಿಲ್ಲ, ಕಾರ್ಮಿ. ಮುಂದಿನ ಮದುವಿ ತುರುಬು ನನ್ನಿಂದ ಆಗೂದಿಲ್ಲ. ಅದಕ್ಕ ಬಂದೀನಿ. ನಿನ್ನ ನೋಡ್ಬೇಕಂತನ ಬಂದೆ ಅಂದ್ರ ಸುಳ್ಳಾಕ್ಕೈತಿ."

ಕಾರ್ಮಿನಾಳಿಗೆ ಇದರಿಂದ ನೋವೂ ಆಯಿತು, ಏನೋ ಒಂದು ಹಗುರವೂ ಆಯಿತು. ಮೊದಲ ಬಾರಿ ದಾನೇಶ್ವರಿ ತನಗೆ ಖರೇ ಮಾತು ಹೇಳಿದ್ದಳು.

ಇಬ್ಬರೂ ಹಿಂದಿರುಗಿದರು. ಸುಲಭಾ ಮ್ಯಾಡಮ್ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಳಿತಿದ್ದರು. ದಾನೇಶ್ವರಿಯೇ ಮೊದಲು, ತುರುಬು ಯಾರದೆಂದು ಹೇಳಿದಳು. ಕಾರ್ಮಿನಾ ತನ್ನ ಮಾತು ಹೇಳಿದಳು: ಮದುವೆಗೆ ತಾನೂ ಹೋಗುವುದು, ತನ್ನನ್ನು ಹೊರಗೆ ಕೂರಿಸಿದರೆ ಇಬ್ಬರೂ ಡಬ್ಬಿ ಮುಚ್ಚಿಕೊಂಡು ಬರುವುದು.

ಮ್ಯಾಡಮ್ ಹಣೆ ಒತ್ತಿಕೊಂಡರು. "ಹಂಗಾದ್ರ ಮೊದಲ ಫೋನಿನಾಗ ಹೇಳಿಬಿಡೂಣು. ಆಮ್ಯಾಲೆ ತಕರಾರು ಬ್ಯಾಡ. ಆದ್ರ ಏನಂತ ಹೇಳ್ಲಿ?"

"ದಾನೇಶ್ವರಿ ಬಗ್ಗೆ ಏನಂತ ಹೇಳ್ತೀರಿ, ಮ್ಯಾಡಮ್?"

"ದಾನೇಶ್ವರಿ ಬರ್ತಾಳ ಅಂತೀನಿ."

"ನನ್ನ ಬಗ್ಗೆನೂ ಅಷ್ಟ ಹೇಳ್ರಿ. ಕಾರ್ಮಿನಾ ಬರ್ತಾಳ ಅಂತ."

ಮರುದಿನ ಮ್ಯಾಡಮ್ ಫೋನಿನಲ್ಲಿ ಹಾಗೆಯೇ ಹೇಳಿದರು.

ಮುಂದಿನ ಮದುವೆ ಹಿಂದವಾಡಿಯದೇ. ಬಾಗಿಲಲ್ಲಿ ಅದೇ ಮೌನ, ಅದೇ ಮೊಣಕೈ ಹಿಡಿದು ಕರೆದೊಯ್ಯುವುದು. ದಾನೇಶ್ವರಿ ಈ ಸಲ ಡಬ್ಬಿಯ ಮುಚ್ಚಳ ತೆಗೆಯದೆ ನಿಂತುಕೊಂಡಳು. "ಇಬ್ಬರೂ ಮಾಡ್ತೀವ್ರಿ. ಇಲ್ಲಾಂದ್ರ ಇಬ್ಬರೂ ಹೋಗ್ತೀವಿ," ಎಂದಳು. ಒಳಗೆ ಗುಸುಗುಸು ನಡೆಯಿತು. ಕಡೆಗೆ ಮದುಮಗಳ ಅಜ್ಜಿ, "ಅಕ್ಕಿಕಾಳು ಹಾಕೂ ಹೊತ್ತಾತು, ಯಾರರೆ ಮಾಡ್ರಿ," ಎಂದು ಗದರಿದ ಮೇಲೆ ದಾರಿಯಾಯಿತು. ಯಾರ ಮನಸ್ಸೂ ಬದಲಾದದ್ದಲ್ಲ. ಹೊತ್ತು ಮೀರುತ್ತಿತ್ತು, ಅಷ್ಟೆ. ಮದುಮಗಳು ಕೊನೆಯವರೆಗೂ ಕಾರ್ಮಿನಾಳೊಡನೆ ನೇರ ಮಾತಾಡಲಿಲ್ಲ. ಬಿಗಿಯಾಯಿತೆಂದರೂ ದಾನೇಶ್ವರಿಗೆ ಹೇಳುತ್ತಿದ್ದಳು. ಆಮೇಲಿನ ತಿಂಗಳುಗಳಲ್ಲಿ ಕೆಲವು ಮನೆಗಳಿಂದ ಹಿಂದಿರುಗಿ ಬಂದದ್ದೂ ಇದೆ. ಹಾಗೆ ಬರುವಾಗ ದಾನೇಶ್ವರಿಗೆ ದಾರಿಯಲ್ಲಿ ಅಳು ಬರುತ್ತಿತ್ತು. ಅವಳಿಗೆ ಅದು ಹೊಸತು. ಕಾರ್ಮಿನಾಳೇ ಅವಳನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಮರುವರ್ಷ ದಾನೇಶ್ವರಿಗೆ ಜಮಖಂಡಿಯ ಕಡೆ ಸಂಬಂಧ ಕೂಡಿ ಬಂತು. ತಲೆಕೂದಲು ಬಿಟ್ಟುಕೊಂಡು ಕಾರ್ಮಿನಾಳ ಮುಂದೆ ಕುಳಿತಾಗ ಅವಳ ಸೋದರತ್ತೆ ಬಂದು ಏನೋ ಹೇಳಲು ಬಾಯಿ ತೆರೆದಳು. ದಾನೇಶ್ವರಿ ತಿರುಗದೆಯೇ, "ಈಕಿನ ಮಾಡಾಕಿ, ಅತ್ತಿ," ಎಂದಳು. ಕಾರ್ಮಿನಾ ಆ ದಿನ ಕಟ್ಟಿದಷ್ಟು ಚಂದದ ತುರುಬನ್ನು ಎಂದೂ ಕಟ್ಟಿರಲಿಲ್ಲ.

ಅಕ್ಷತೆಯಾಯಿತು. ವೇದಿಕೆಯ ಮೇಲೆ ಫೋಟೊ ತೆಗೆಸಿಕೊಳ್ಳುವವರ ಸಾಲು ಉದ್ದವಾಯಿತು. ಸುಲಭಾ ಮ್ಯಾಡಮ್ ಹತ್ತಿ ಇಳಿದರು. ಕಾರ್ಮಿನಾ ಕಂಬದ ಹತ್ತಿರ ನಿಂತಿದ್ದಳು. ದಾನೇಶ್ವರಿ ಎರಡು ಮೂರು ಸಲ ಗುಂಪಿನ ತಲೆಗಳ ಮೇಲಿಂದ ಕಣ್ಣಾಡಿಸಿದಳು. ತನ್ನನ್ನೇ ಹುಡುಕಿದಳೋ ಏನೋ. ಅಷ್ಟರಲ್ಲಿ ಬೀಗರು ಬಂದು ಸುತ್ತುವರಿದರು. ಊಟದ ಸಾಲಿನಲ್ಲಿ ಕಾರ್ಮಿನಾಳ ಎಡಬಲದ ಎಲೆಗಳಿಗೆ ಬಹಳ ಹೊತ್ತು ಯಾರೂ ಬರಲಿಲ್ಲ. ನೀರಿನ ಜಗ್ಗು ಹಿಡಿದವನು ಅವಳನ್ನು ಹಿಂದಿಯಲ್ಲಿ ಕೇಳಿದ. ಅವಳು ಕನ್ನಡದಲ್ಲಿ ನೀರು ಹಾಕಿಸಿಕೊಂಡಳು.

ಅನಗೋಳದ ಕೋಣೆಯಲ್ಲಿ ಈಗ ಅವಳೊಬ್ಬಳೇ. ಆಯಿ ಬಿಟ್ಟುಹೋಗು ಎನ್ನಲಿಲ್ಲ; ಇರು ಎಂದೂ ಅನ್ನಲಿಲ್ಲ. ದಾನೇಶ್ವರಿ ಹೇಗಿದ್ದಾಳೆಂದು ಮಾತ್ರ ಆಗಾಗ ಬಾಗಿಲಿಗೆ ಬಂದು ಕೇಳಿ ಹೋಗುತ್ತಾಳೆ. ಕೆಲವು ಮದುವಣಗಿತ್ತಿಯರು ಈಗ ಕಾರ್ಮಿನಾಳ ಹೆಸರು ಹೇಳಿಯೇ ಕರೆಸುತ್ತಾರೆ. ಪಾರ್ಲರಿನ ಮುಂದಿನ ಕೋಣೆಗೆ ಹೊಸ ಹುಡುಗಿ ಬಂದಿದ್ದಾಳೆ, ನಾಗರತ್ನಾ ಎಂದು. ಒಳ್ಳೆಯವಳು. ಆದರೆ ಅವಳಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕು. ಕಾರ್ಮಿನಾಳಿಗೆ ಇನ್ನೂ ಅದಕ್ಕೆ ಮನಸ್ಸಾಗಿಲ್ಲ.

ಮೊನ್ನೆ ಸಂಜೆ ದಾನೇಶ್ವರಿಯ ಫೋನು ಬಂದಿತ್ತು. ಅತ್ತೆಯ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ತನ್ನ ಮಾತು, ತನ್ನ ಅಡಿಗೆ, ತನ್ನ ಬಣ್ಣ ಎಲ್ಲಕ್ಕೂ ಯಾರಾದರೊಬ್ಬರು ಒಂದು ಮಾತು ಹೇಳುತ್ತಾರೆ ಎಂದಳು. "ಇಲ್ಲಿ ನಮ್ಮಾಕಿ ಅಂತ ಅನ್ನಾವ್ರು ಯಾರೂ ಇಲ್ಲ, ಕಾರ್ಮಿ. ಒಬ್ಬಾಕಿನ ಆಗಿಬಿಟ್ಟೀನಿ." ಆಮೇಲೆ ತಾನೇ ತಡೆದು, "ನಿನ್ನಂಗ ಅಂತ ಅನ್ನಾಕತ್ತಿಲ್ಲ ನಾ," ಎಂದಳು.

"ಗೊತ್ತೈತಿ," ಎಂದಳು ಕಾರ್ಮಿನಾ. "ಸ್ವಲ್ಪ ದಿವಸಕ್ಕ ರೂಢಿ ಆಕ್ಕೈತಿ ಬಿಡು."

ತನಗೆ ಇಷ್ಟು ವರ್ಷದಲ್ಲಿ ರೂಢಿಯಾಗಿಲ್ಲ ಎಂಬುದನ್ನು ಹೇಳಲಿಲ್ಲ. ಹೊಸ ಸೊಸೆ ಅವಳು. ನಾಲ್ಕು ದಿನಕ್ಕೆ ಅವರಲ್ಲಿ ಒಬ್ಬಳಾಗುತ್ತಾಳೆ, ಆಗಲಿ ಎಂದುಕೊಂಡಳು. ಬಹಳ ಹೊತ್ತು ಮಾತಾಡಿದರು. ಫೋನು ಇಟ್ಟ ಮೇಲೆ ಕಾರ್ಮಿನಾ ಒಬ್ಬಳಿಗಾಗುವಷ್ಟು ಅನ್ನಕ್ಕಿಟ್ಟು, ಮರುದಿನದ ಮದುವೆಯ ಪಿನ್ನುಗಳನ್ನು ಆರಿಸುತ್ತ ಹೊಸ್ತಿಲಲ್ಲಿ ಕುಳಿತಳು.